ಸ್ಟೇರಿಂಗ್ ಹಿಡಿದ ಕೈ ಹೇಳುವುದನ್ನು ಮೊದಲು ಕೇಳಿ

ವಾರಕ್ಕೆ ಮೂರು ಸಲ ಬಳ್ಳಾರಿಯಿಂದ ಸಂಡೂರಿಗೆ ಹೋಗಿ ಬರುತ್ತೇನೆ. ನನ್ನದು ದೊಡ್ಡ ಗಾಡಿ. ಫೋರ್ ವೀಲ್ ಡ್ರೈವ್, ಗಾಳಿಯ ಬಲದಿಂದ ಗಾಡಿಯ ಎತ್ತರ ಬದಲಿಸುವ ಏರ್ ಸಸ್ಪೆನ್ಷನ್ ಎಲ್ಲ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಆದರೂ ನಮ್ಮ ಮನೆಗೆ ಅದು ಸಣ್ಣ ದುಡ್ಡಲ್ಲ. ಮೂರು ತಿಂಗಳ ಹಿಂದೆ ಅದರ ಸ್ಟೇರಿಂಗ್ ಯಾಕೋ ಸರಿ ಇಲ್ಲ ಅನ್ನಿಸತೊಡಗಿತು.

ಊರೊಳಗೆ ಏನೂ ತೊಂದರೆ ಇಲ್ಲ. ರಾಯಲ್ ಸರ್ಕಲ್‌ನಲ್ಲಿ ಒಂದೇ ಬೆರಳಿಗೆ ತಿರುಗುತ್ತಿತ್ತು. ಹೆದ್ದಾರಿ ಹತ್ತಿ ಕುಡತಿನಿ ದಾಟಿ 80ರ ವೇಗಕ್ಕೆ ಬಂದರೆ ಬೇರೆಯೇ ಗಾಡಿ. ಸ್ವಲ್ಪ ಎಡಕ್ಕೆ ತಿರುಗಿಸಿದರೆ ಅಲ್ಲೇ ನಿಂತುಬಿಡುತ್ತದೆ. ತಾನಾಗಿ ನಡುವಿಗೆ ಬರುವುದಿಲ್ಲ. ನಾನು ವಾಪಸ್ ತರಲು ಹೋದರೆ ಒಂದು ಕೂದಲೆಳೆ ಜಾಸ್ತಿಯಾಗಿ ಬಲಕ್ಕೆ ಹೋಗುತ್ತದೆ. ಪಕ್ಕದಲ್ಲಿ ಅದಿರಿನ ಲಾರಿಗಳ ಸಾಲು. ತೋರಣಗಲ್ಲು ಮುಟ್ಟುವಷ್ಟರಲ್ಲಿ ಭುಜ ಹಿಡಿದುಕೊಂಡಿರುತ್ತಿತ್ತು.

ವರ್ಕ್‌ಶಾಪಿಗೆ ಒಯ್ದೆ. ಸ್ಕ್ಯಾನರ್ ಹಾಕಿ, ಯಾವ ಎರರ್ ಕೋಡೂ ಇಲ್ಲ ಅಂದರು. ಎರಡನೇ ಸಲ ಹೋದಾಗ, ನಾವು ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಸ್ಟೇರಿಂಗ್ ರ್‍ಯಾಕ್ ಬದಲಿಸೋಣ ಅಂದರು. ಇಂಥ ಗಾಡಿಯಲ್ಲಿ ಮೋಟಾರು, ಕಂಟ್ರೋಲ್ ಯೂನಿಟ್ ಎಲ್ಲ ರ್‍ಯಾಕ್ ಜೊತೆಗೇ ಒಂದು ಸೆಟ್ಟಾಗಿ ಬರುತ್ತದೆ. ಲಕ್ಷಗಳ ಮಾತು. ಅಷ್ಟು ದೊಡ್ಡ ಮಾತು ಆಡುವ ಮೊದಲು ಒಬ್ಬರೂ ನನ್ನ ಪಕ್ಕ ಕೂತು ಐದು ಕಿಲೋಮೀಟರ್ ಬಂದಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಸ್ಕ್ಯಾನರ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಕಾಣುವುದು ವೈರು, ಸೆನ್ಸರು, ಮೋಟಾರು. ಒಂದು ಜಾಯಿಂಟ್ ತುಕ್ಕು ಹಿಡಿದು ಬಿಗಿಯಾದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಕೈಗೆ.

ಕೊನೆಗೆ ಕೌಲ್ ಬಜಾರಿನ ಒಬ್ಬ ಹಳೆಯ ಮೆಕ್ಯಾನಿಕ್ ಉಸ್ತಾದ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. "ಬರ್ರಿ ಅಣ್ಣಾ, ಒಂದು ರೌಂಡ್ ಹೋಗಿ ಬರಾಮು. ನೀವೇ ಓಡಿಸ್ರಿ" ಅಂದರು. ದಾರಿಯುದ್ದಕ್ಕೂ ಪ್ರಶ್ನೆ. ಯಾವಾಗಿನಿಂದ ಹಿಂಗೆ? ಅದಕ್ಕೂ ಮುಂಚೆ ಏನು ಕೆಲಸ ಮಾಡಿಸಿದ್ರಿ? ಬಿಳಿ ಗೆರೆ ಹತ್ತಿರ ಹೋದಾಗ ಜಾಸ್ತಿನಾ, ಯಾವಾಗಲೂನಾ?

ಆ ಕೊನೆಯ ಪ್ರಶ್ನೆ ಬಹಳ ಮುಖ್ಯ. ಲೇನ್ ಅಸಿಸ್ಟ್ ಇರುವ ಗಾಡಿಯಲ್ಲಿ ಕ್ಯಾಮೆರಾ ರಸ್ತೆಯ ಗೆರೆ ನೋಡಿ ಸ್ಟೇರಿಂಗನ್ನು ತಾನೇ ಮೆಲ್ಲಗೆ ಎಳೆಯುತ್ತದೆ. ನಮ್ಮ ಕಡೆ ಗೆರೆಯ ಮೇಲೆ ಕೆಂಪು ಧೂಳು, ಡಾಂಬರಿನ ತೇಪೆ. ಅದು ತಪ್ಪಾಗಿ ಓದುವುದೂ ಉಂಟು. ಆಫ್ ಮಾಡಿ ನೋಡಿದೆವು. ಆಗಾಗ ಆಗುತ್ತಿದ್ದ ಸಣ್ಣ ಎಳೆತ ನಿಂತಿತು. ಅಂಟಿಕೊಂಡಂಥ ಆ ಬಿಗಿ ಮಾತ್ರ ಹೋಗಲಿಲ್ಲ.

ಮರುದಿನ ಬೆಳಗ್ಗೆ, ಗಾಡಿ ಇನ್ನೂ ತಣ್ಣಗಿದ್ದಾಗ ಗಾಳಿ ನೋಡಿದರು. ಮುಂದಿನ ಎಡ ಟೈರಲ್ಲಿ 29, ಬಲದಲ್ಲಿ 35. ನಾನು ಯಾವಾಗಲೂ ಮಧ್ಯಾಹ್ನದ ಬಿಸಿಲಲ್ಲಿ, ಓಡಿ ಬಂದ ಟೈರಿಗೆ ಚೆಕ್ ಮಾಡಿಸುತ್ತಿದ್ದೆ. ಬಿಸಿ ಟೈರು ಮೂರು ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತದೆ. ಬಳ್ಳಾರಿ ಬಿಸಿಲಿಗೆ ಇದನ್ನು ಮರೆಯಬಾರದು. ಗಾಳಿ ಸರಿ ಮಾಡಿದ ಮೇಲೆ ಎಡಕ್ಕೆ ಜಾರುವುದು ಕಡಿಮೆಯಾಯಿತು. ನಾಲ್ಕೂ ಟೈರಿನ ಸವೆತವನ್ನೂ ಅಳೆದರು. ಯಾವಾಗಲೂ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಎರಡು ಹೊಸ ಟೈರು, ಎರಡು ಸವೆದ ಟೈರು ಹಾಕಿದರೆ ಸುತ್ತಳತೆ ಹೊಂದುವುದಿಲ್ಲ, ಒಳಗಿನ ಗೇರುಗಳ ಮೇಲೆ ಭಾರ ಬೀಳುತ್ತದೆ. ಅದು ನನ್ನ ಗಾಡಿಯಲ್ಲಿ ಸರಿ ಇತ್ತು.

ಆಮೇಲೆ ಮಾಡಿದ ಕೆಲಸ ನೋಡಿ ನನಗೆ ನಿಜವಾಗಿಯೂ ಕಣ್ಣು ತೆರೆಯಿತು. ಮುಂದಿನ ಚಕ್ರ ಎರಡನ್ನೂ ಎತ್ತಿ, ರ್‍ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತುದಿಯನ್ನು ಎರಡೂ ಕಡೆ ಬಿಚ್ಚಿದರು. ಈಗ ರ್‍ಯಾಕ್ ಬೇರೆ, ಚಕ್ರ ಬೇರೆ. ಬಲ ಚಕ್ರವನ್ನು ಕೈಯಲ್ಲಿ ತಿರುಗಿಸಿದರು, ಬಾಗಿಲಿನ ಹಾಗೆ ಹಗುರಾಗಿ ಆಡಿತು. ಎಡ ಚಕ್ರ ನಡುವಿಗೆ ಬರುತ್ತಿದ್ದಂತೆ ಗಪ್ಪಂತ ಹಿಡಿಯಿತು. ರ್‍ಯಾಕ್‌ನ ತಪ್ಪಲ್ಲ, ಬಿಗಿ ಇರುವುದು ಚಕ್ರದ ಕಡೆ ಅಂತ ಅಲ್ಲೇ ಗೊತ್ತಾಯಿತು, ಒಂದು ರೂಪಾಯಿ ಪಾರ್ಟ್ಸ್ ಇಲ್ಲದೆ.

ಹಿಡಿದಿದ್ದು ಲೋವರ್ ಆರ್ಮಿನ ಬಾಲ್ ಜಾಯಿಂಟ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ ತುದಿಯ ಗುಂಡು ಕೀಲು. ಮೇಲಿನ ರಬ್ಬರ್ ಬೂಟ್ ಸೀಳಿತ್ತು. ಗ್ರೀಸೆಲ್ಲ ಹೋಗಿ ಒಳಗೆ ಅದಿರಿನ ಧೂಳು ನೀರಿನ ಜೊತೆ ಸೇರಿ ಕೆಂಪು ಕೆಸರಾಗಿತ್ತು.

ಊರಲ್ಲಿ ಯಾಕೆ ಗೊತ್ತಾಗುತ್ತಿರಲಿಲ್ಲ ಅಂದರೆ, ನಿಧಾನಕ್ಕೆ ಹೋಗುವಾಗ ಸ್ಟೇರಿಂಗ್ ತಿರುಗಿಸಲು ಸಹಾಯ ಮಾಡುವ ಕರೆಂಟಿನ ಮೋಟಾರು ಹೆಚ್ಚು ಬಲ ಕೊಡುತ್ತದೆ, ಜಾಯಿಂಟಿನ ಬಿಗಿಯನ್ನೂ ಅದೇ ನುಂಗಿಕೊಳ್ಳುತ್ತದೆ. ವೇಗ ಏರಿದಂತೆ ಮೋಟಾರು ಸಹಾಯ ಕಡಿಮೆ ಮಾಡುತ್ತದೆ. ಆಗ ಚಕ್ರ ತಾನಾಗಿ ನೇರಕ್ಕೆ ಬರಬೇಕು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ವಾ, ಕೈ ಬಿಟ್ಟರೂ ಅದು ನೇರ ಹೋಗಲು ಆ ಓರೆಯೂ ಒಂದು ಕಾರಣ. ಕಾರಿನ ಮುಂದಿನ ಚಕ್ರಕ್ಕೂ ಅಂಥದೇ ಓರೆ ಇಟ್ಟಿರುತ್ತಾರೆ. ಜಾಯಿಂಟ್ ಹಿಡಿದುಕೊಂಡರೆ ಆ ಎಳೆತ ಸಾಲುವುದಿಲ್ಲ.

ಆರ್ಮ್ ಬದಲಿಸಿ, ಏರ್ ಸಸ್ಪೆನ್ಷನ್ನನ್ನು ಕಂಪನಿ ಹೇಳಿದ ಎತ್ತರಕ್ಕೆ ನಿಲ್ಲಿಸಿ ಅಲೈನ್‌ಮೆಂಟ್ ಮಾಡಿಸಿದೆವು. ಗಾಡಿ ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ, ಸುಮ್ನೆ ಹೇಗೋ ನಿಲ್ಲಿಸಿ ಅಳೆದರೆ ಉಪಯೋಗವಿಲ್ಲ. ಆಮೇಲೆ, ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸ್ಟೇರಿಂಗ್ ಆಂಗಲ್ ಸೆನ್ಸರ್‌ಗೆ ಹೊಸದಾಗಿ ಸೊನ್ನೆ ತೋರಿಸಬೇಕು. ಅದಕ್ಕೆ ಸ್ಕ್ಯಾನರ್ ಬೇಕೇ ಬೇಕು.

ಒಟ್ಟು ಖರ್ಚು ರ್‍ಯಾಕಿನ ಕೊಟೇಶನ್ನಿನ ಹತ್ತಿರಕ್ಕೂ ಬರಲಿಲ್ಲ. ವರ್ಕ್‌ಶಾಪಿನವರಲ್ಲಿ ನನ್ನ ಕೋರಿಕೆ ಒಂದೇ. ಗಿರಾಕಿ ಸ್ಟೇರಿಂಗ್ ಸರಿ ಇಲ್ಲ ಅಂದರೆ, ಲ್ಯಾಪ್‌ಟಾಪ್ ತೆಗೆಯುವ ಮೊದಲು ಅವರ ಪಕ್ಕ ಕೂತು ಅವರ ದಾರಿಯಲ್ಲೇ ಒಂದು ಸಲ ಹೋಗಿ ಬನ್ನಿ.

ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವವರು ಮುಂದಿನ ಸರ್ವಿಸ್‌ನಲ್ಲಿ ಗಾಡಿ ಎತ್ತಿದಾಗ ಆ ರಬ್ಬರ್ ಬೂಟುಗಳಿಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿಸಿ. ನನ್ನ ಗಾಡಿಯ ಬಲಗಡೆ ಬೂಟಲ್ಲೂ ಸಣ್ಣ ಸೀಳು ಕಂಡಿದೆ. ಈ ಭಾನುವಾರ ಅದನ್ನೂ ಬದಲಿಸುತ್ತಿದ್ದೇನೆ.