ಉಗ್ರನೋ, ಅತಿಥಿಯೋ? ಅತ್ತರನ್ನು ಕೇಳಿ

ಭಯೋತ್ಪಾದಕ ಅಂದರೆ ಯಾರು? ನಮ್ಮ ಟೀವಿ ಆಂಕರ್‌ಗಳು ಒಂಬತ್ತಕ್ಕೆ ಕೂತರೆ ಒಂಬತ್ತೂಕಾಲಿಗೆಲ್ಲ ಹತ್ತು ಜನರನ್ನು ಗುರುತಿಸಿ ಬಿಸಾಕುತ್ತಾರೆ. ವಿಶ್ವಸಂಸ್ಥೆಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಗೊತ್ತು ಮಾಡಿಕೊಳ್ಳಿ ಅಂತ ಭಾರತವೇ 1996ರಲ್ಲಿ ಕರಡು ಒಪ್ಪಂದ ಕೊಟ್ಟಿತ್ತು. ಸಮಿತಿಯೂ ಆಯಿತು. ಆ ವರ್ಷ ಹುಟ್ಟಿದ ಮಗು ಓದಿ, ಕೆಲಸ ಹಿಡಿದು, ಈಗ ಹೆಣ್ಣು ನೋಡಲು ಹೊರಟಿದೆ. ಕರಡು ಇನ್ನೂ ತೊಟ್ಟಿಲಲ್ಲೇ. ಪರರ ಆಕ್ರಮಣದ ವಿರುದ್ಧ ಹೋರಾಡುವವರನ್ನು ಬಿಡಿ ಅಂತ ಕೆಲವು ದೇಶಗಳ ಹಟ. ಸರ್ಕಾರದ ಸೈನ್ಯವನ್ನು ಬಿಡಿ ಅಂತ ಇನ್ನು ಕೆಲವರದು. ಇಬ್ಬರ ಮಾತೂ ಕೇಳಿದರೆ ಪಟ್ಟಿಯಲ್ಲಿ ಉಳಿಯೋದು ಸಭೆಗೆ ಟೀ ತಂದವನು ಒಬ್ಬನೇ.

ಈ ವಿಷಯದಲ್ಲಿ ನಮಗೆ ಹಳೇ ಅನುಭವವಿದೆ. 1934ರಲ್ಲಿ ಫ್ರಾನ್ಸ್‌ನ ಮಾರ್ಸೇಲ್ಸ್‌ನಲ್ಲಿ ಯುಗೊಸ್ಲಾವಿಯಾದ ದೊರೆಯ ಕೊಲೆಯಾಯಿತು. ಬೆಚ್ಚಿಬಿದ್ದ ಲೀಗ್ ಆಫ್ ನೇಷನ್ಸ್, ಅಂದರೆ ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಕೂಟ, 1937ರಲ್ಲಿ ಭಯೋತ್ಪಾದನೆ ವಿರುದ್ಧ ಒಪ್ಪಂದ ಬರೆಯಿತು. 24 ದೇಶ ಸಹಿ ಹಾಕಿದವು. ಅನುಮೋದಿಸಿದ್ದು ಒಂದೇ ದೇಶ, ಭಾರತ! ಹೆಮ್ಮೆಪಡೋಕೆ ಮುಂಚೆ ಸ್ವಲ್ಪ ತಡೆಯಿರಿ. ಅದು ಬ್ರಿಟಿಷರ ಭಾರತ. ಭಗತ್ ಸಿಂಗ್‌ರನ್ನು ನೇಣಿಗೇರಿಸಿದ ಅದೇ ಸರ್ಕಾರ. ಅವರಿಗೆ ಭಯೋತ್ಪಾದಕ ಯಾರು ಅನ್ನೋದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಬ್ರಿಟನ್ ತಾನು ಮಾತ್ರ ಸಹಿ ಹಾಕಲಿಲ್ಲ, ಜಾಣರು ಅಲ್ವಾ?

ವ್ಯಾಖ್ಯಾನ ಬರಲಿಲ್ಲ ಅಂತ ಪಟ್ಟಿಗಳು ನಿಲ್ಲುತ್ತವೆಯೇ? ಮಂಡೇಲಾಗೆ 1993ರಲ್ಲಿ ಶಾಂತಿ ನೊಬೆಲ್ ಬಂತು. ಅಮೆರಿಕದ ಭಯೋತ್ಪಾದಕರ ಪಟ್ಟಿಯಿಂದ ಹೆಸರು ಹೋಗಿದ್ದು 2008ರಲ್ಲಿ, ತೊಂಬತ್ತು ತುಂಬಲು ಕೆಲವೇ ದಿನ ಇದ್ದಾಗ. ಪಾಪ, ನೊಬೆಲ್ ಒಂದೇ ಸಾಕಾಗಲಿಲ್ಲ. ಒಂದು ರಾಜಧಾನಿಯನ್ನು ಬಂದೂಕು ಹಿಡಿದು ಗೆದ್ದುಕೊಂಡಿದ್ದರೆ ಕೆಲಸ ಬೇಗ ಆಗುತ್ತಿತ್ತು.

ಸಿರಿಯಾದ ಅಧ್ಯಕ್ಷರಾದ ಅಹ್ಮದ್ ಅಲ್-ಶರಾ ಅವರನ್ನೇ ನೋಡಿ. ಅಲ್ ಖೈದಾದ ಸಿರಿಯಾ ಶಾಖೆ ಕಟ್ಟಿದವರು. ಆಗ ಹೆಸರು ಅಲ್-ಜೋಲಾನಿ. ಸುಳಿವು ಕೊಟ್ಟವರಿಗೆ 1 ಕೋಟಿ ಡಾಲರ್ ಕೊಡುತ್ತೇನೆ ಅಂದಿತ್ತು ಅಮೆರಿಕ. 2024ರ ಡಿಸೆಂಬರ್‌ನಲ್ಲಿ ಅವರ ಪಡೆ ಡಮಾಸ್ಕಸ್ ಹಿಡಿಯಿತು. ಎರಡೇ ವಾರದಲ್ಲಿ ಬಹುಮಾನ ರದ್ದು. ಎಲ್ಲಿದ್ದಾರೆ ಅಂತ ಗೊತ್ತಾದ ಮೇಲೆ ದುಡ್ಡು ಯಾಕೆ, ಅದೂ ಸರಿಯೇ. 2025ರ ನವೆಂಬರ್ 6ರಂದು ಭದ್ರತಾ ಮಂಡಳಿ ತನ್ನ ನಿರ್ಬಂಧದ ಪಟ್ಟಿಯಿಂದ ಅವರ ಹೆಸರು ಅಳಿಸಿತು. ಹತ್ತನೇ ತಾರೀಖು ಅವರು ಶ್ವೇತಭವನದಲ್ಲಿದ್ದರು.

ಅಲ್ಲಿಯ ವಿಡಿಯೋ ನೋಡಿರಬಹುದು. ಟ್ರಂಪ್ ತಮ್ಮದೇ ಹೆಸರಿನ ಅತ್ತರಿನ ಬಾಟಲಿ ತೆಗೆದು, ಮದುವೆ ಮನೆ ಬಾಗಿಲಲ್ಲಿ ಪನ್ನೀರು ಎರಚಿದ ಹಾಗೆ, ಅತಿಥಿಯ ಮೇಲೆ ಪುಸ್ ಪುಸ್ ಅನ್ನಿಸಿದರು. ಇನ್ನೊಂದು ಬಾಟಲಿ ಹೆಂಡತಿಗೆ ಅಂತ ಕೊಟ್ಟರು. ಆಮೇಲೆ ನೆನಪಾಗಿ, ಹೆಂಡತಿಯರು ಎಷ್ಟು ಜನ ಅಂತ ವಿಚಾರಿಸಿದರು.

ಒಬ್ಬರೇ, ಅಂದರು ಅಲ್-ಶರಾ.

ಕ್ಯಾಮೆರಾ ಮುಂದೆ ನಡೆದ ಪಾಟೀಸವಾಲು ಅಷ್ಟೇ.