ಶತ್ರು ವಿಮಾನ ಬರಬಹುದಂತೆ, ನಮ್ಮದು ಮಾತ್ರ ಬರಲ್ಲ

2025ರ ಮೇ ತಿಂಗಳಲ್ಲಿ ರಾಯಚೂರಿಗೆ ಒಂದು ದೊಡ್ಡ ಗೌರವ ಸಿಕ್ಕಿತು. ಯುದ್ಧ ಬಂದರೆ ಜನ ಏನು ಮಾಡಬೇಕು ಎಂದು ಕಲಿಸುವ ಮಾಕ್ ಡ್ರಿಲ್‌ಗೆ ಕೇಂದ್ರ ಸರ್ಕಾರ ಊರುಗಳ ಪಟ್ಟಿ ಬಿಟ್ಟಿತು. ಕರ್ನಾಟಕದಿಂದ ಬೆಂಗಳೂರು, ಕಾರವಾರ, ಆಮೇಲೆ ನಾವು. ಶಕ್ತಿನಗರದ ವಿದ್ಯುತ್ ಸ್ಥಾವರದ ಪುಣ್ಯ. ಮೈಸೂರಿಗೂ ಸಿಗದ ಯೋಗ. ಬಾಂಬು ಹಾಕಲು ಯೋಗ್ಯವಾದ ಊರು ಎಂದು ಸರ್ಕಾರವೇ ಸರ್ಟಿಫಿಕೇಟ್ ಕೊಟ್ಟ ಮೇಲೆ ಇನ್ನು ಯಾರು ನಮ್ಮನ್ನು ಹಿಂದುಳಿದವರು ಅನ್ನಬೇಕು?

ತೊಡಕು ಒಂದೇ. ಶತ್ರುವಿನ ವಿಮಾನ ಬರಬಹುದಾದ ಊರುಗಳಲ್ಲಿ ನಾವಿದ್ದೇವೆ. ನಮ್ಮ ವಿಮಾನ ಬರುವ ಊರುಗಳಲ್ಲಿ ಇಲ್ಲ. ಊರ ಪಕ್ಕದ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಆಗುತ್ತದೆ ಎಂಬ ಮಾತು ಪ್ರತಿ ಚುನಾವಣೆಗೂ ಟೇಕಾಫ್ ಆಗುತ್ತದೆ, ಫಲಿತಾಂಶದ ದಿನ ಲ್ಯಾಂಡ್ ಆಗುತ್ತದೆ. ಟಿಕೆಟ್ ತೆಗೆದು ಹತ್ತುವ ವಿಮಾನ ಮಾತ್ರ ಇನ್ನೂ ಬಂದಿಲ್ಲ. ವಿಮಾನ ಹತ್ತಬೇಕೆಂದರೆ ಮೊದಲು ಹೈದರಾಬಾದಿನ ರೈಲು ಹತ್ತಬೇಕು. 1520ರಲ್ಲಿ ಕೃಷ್ಣದೇವರಾಯ ಮತ್ತು ಆದಿಲ್‌ಶಾಹ ಬಡಿದಾಡಿದ್ದೂ ಇದೇ ಊರಿಗಾಗಿ. ನಮ್ಮ ಬೆಲೆ ಯಾವಾಗಲೂ ದಂಡೆತ್ತಿ ಬರುವವರಿಗೇ ಮೊದಲು ತಿಳಿಯುವುದು.

ವಿಮಾನ ಇಲ್ಲದಿದ್ದರೇನು, ವಿಮಾನ ತಜ್ಞರಿಗೆ ಕೊರತೆ ಇಲ್ಲ. ತೀನ್ ಕಂದೀಲ್ ಹತ್ತಿರದ ಯಾವ ಚಹಾ ಹೋಟೆಲಿಗೆ ಹೋದರೂ ಇಬ್ಬರು ಏರ್ ಮಾರ್ಷಲ್‌ಗಳು ಮಿರ್ಚಿ ತಿನ್ನುತ್ತಾ ಕೂತಿರುತ್ತಾರೆ. ಆ ಮೇ ತಿಂಗಳಲ್ಲಂತೂ ಟಿವಿಯಲ್ಲಿ ಸೈರನ್ ಕೂಗಿದ ಕೂಗಿಗೆ ಚಹಾ ಆರಿಹೋಗುತ್ತಿತ್ತು. ಕೊನೆಗೆ ಸರ್ಕಾರವೇ ಚಾನೆಲ್‌ಗಳಿಗೆ, ಸುಮ್ನೆ ಸೈರನ್ ಬಾರಿಸಬೇಡಿ, ನಿಜವಾದದ್ದು ಕೂಗಿದರೆ ಜನ ನಂಬಲ್ಲ ಎಂದು ಬುದ್ಧಿ ಹೇಳಬೇಕಾಯಿತು.

"ರಫೇಲ್ ಫೈಟರ್ 36 ಅದಾವ, ಸಾಕ್ರಿ" ಎಂದರು ಒಬ್ಬರು. "ಎಲ್ಲಿ ಸಾಕು? ವಾಯುಪಡೆಗೆ 42 ಸ್ಕ್ವಾಡ್ರನ್ ಬೇಕು" ಎಂದರು ಇನ್ನೊಬ್ಬರು. ಆ ಮಾತು ನಿಜ. ಸ್ಕ್ವಾಡ್ರನ್ ಎಂದರೆ ಯುದ್ಧವಿಮಾನಗಳ ಒಂದು ತುಕಡಿ, ಅಂಥವು 42 ಮಂಜೂರಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಮಿಗ್-21 ಜೆಟ್‌ಗಳಿಗೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಎಂಬ ಲೆಕ್ಕ ನಮ್ಮ ಜಿಲ್ಲೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮದೇ ದೇಶದ ತೇಜಸ್ ಯುದ್ಧವಿಮಾನದ ಯೋಜನೆಗೆ 1983ರಲ್ಲಿ ಒಪ್ಪಿಗೆ ಸಿಕ್ಕಿತು, ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. ಇದನ್ನು ಕೇಳಿದ ಮೇಲೆ ನನಗೆ ಯರಮರಸ್ ಬಗ್ಗೆ ಸ್ವಲ್ಪ ಸಮಾಧಾನವಾಯಿತು. ನಾವು ತಡ ಮಾಡುತ್ತಿಲ್ಲ, ರಾಷ್ಟ್ರೀಯ ವೇಗದಲ್ಲೇ ಇದ್ದೇವೆ.

ಹೋಟೆಲಿನ ಮಾರ್ಷಲ್‌ಗಳಿಗೆ ಯುದ್ಧವೆಂದರೆ ಎರಡು ವಿಮಾನ ಒಂದರ ಬಾಲ ಒಂದು ಹಿಡಿದು ಸುತ್ತುವುದು. ಈಗಿನ ಕಥೆ ಬೇರೆ. ರಫೇಲ್‌ನ ಮೀಟಿಯರ್ ಕ್ಷಿಪಣಿ 100 ಕಿಲೋಮೀಟರ್‌ಗೂ ಆಚೆ ಹೋಗುತ್ತದೆ. ರಾಯಚೂರಿನ ಮೇಲೆ ಗುಂಡಿ ಒತ್ತಿದರೆ ಸಿಂಧನೂರು ದಾಟಿದವನಿಗೆ ತಾಗಬಹುದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಯಾರ ರಾಡಾರ್ ಮೊದಲು ಕಂಡಿತು ಎಂಬುದೇ ಮುಖ್ಯ. ಉಕ್ರೇನ್‌ನಲ್ಲಿ 2022ರಿಂದ ಯುದ್ಧ ನಡೆದರೂ ಆಕಾಶ ಪೂರ್ತಿಯಾಗಿ ಯಾರ ಕೈಗೂ ಬರಲಿಲ್ಲ. ನೆಲದ ಮೇಲಿನ ಕ್ಷಿಪಣಿಗಳಿಗೆ ಹೆದರಿ ಎರಡೂ ಕಡೆಯ ಜೆಟ್‌ಗಳು ದೂರದಿಂದಲೇ ವ್ಯವಹಾರ ಮಾಡಬೇಕಾಯಿತು. ಇದನ್ನು ಹೇಳಿದರೆ ಟಿವಿಯವರಿಗೆ ಗ್ರಾಫಿಕ್ಸ್ ಎಲ್ಲಿಂದ ಬರಬೇಕು?

ಇನ್ನು ಆಕಾಶದ ಚಕ್ರವರ್ತಿ, ಅಮೆರಿಕದ ಎಫ್-22. ವೈರಿ ವಿಮಾನಗಳನ್ನು ಹೊಡೆದು ಆಕಾಶ ಗೆಲ್ಲಲೆಂದೇ ಮಾಡಿದ್ದು. ಸೇವೆಗೆ ಬಂದದ್ದು 2005ರಲ್ಲಿ. ಗಾಳಿಯಲ್ಲಿ ಅದು ಮೊದಲ ಬೇಟೆ ಆಡಿದ್ದು 2023ರ ಫೆಬ್ರುವರಿ 4ರಂದು. ಹೊಡೆದದ್ದು ಒಂದು ಬಲೂನು! ಚೀನಾದ ಬಲೂನು ಅನ್ನಿ, ದೊಡ್ಡದೇ ಅನ್ನಿ, ಆದರೂ ಬಲೂನು. ಪಾಪ, ಅದರ ತಪ್ಪೇನಿಲ್ಲ. ಇಂಥ ಜೆಟ್ ಇದೆ ಎಂದು ಗೊತ್ತಾದ ಮೇಲೆ ಎದುರಿಗೆ ಬೇರೆ ಯಾರು ಬರುತ್ತಾರೆ?

ಆ ಲೆಕ್ಕದಲ್ಲಿ ನಾವು ಅಮೆರಿಕಕ್ಕಿಂತ ಮುಂದೆ. ವಾಯು ಪ್ರಾಬಲ್ಯವೆಂದರೆ ನಮ್ಮ ಆಕಾಶದಲ್ಲಿ ವೈರಿ ಹಾರದಂತೆ ನೋಡಿಕೊಳ್ಳುವುದು ತಾನೇ? ರಾಯಚೂರಿನಲ್ಲಿ ವೈರಿ ಇರಲಿ, ಸ್ವಂತದವರೂ ಇಳಿಯದಂತೆ ನೋಡಿಕೊಂಡಿದ್ದೇವೆ. ಅದೂ ಒಂದು ಕ್ಷಿಪಣಿಯ ಖರ್ಚಿಲ್ಲದೆ. ಶತ್ರು ಪೈಲಟ್‌ಗೆ ಇಂಜಿನ್ ಕೆಟ್ಟು ಇಳಿಯಲೇಬೇಕಾದರೆ ಅವನೂ ಕಲಬುರಗಿಯೋ ಹೈದರಾಬಾದೋ ನೋಡಿಕೊಳ್ಳಬೇಕು. ದೀಪ ಆರಿಸುವ ತಾಲೀಮಿಗೂ ನಮ್ಮ ಹಳ್ಳಿಗಳಿಗೆ ಸರ್ಕಾರದ ಆದೇಶ ಬೇಕಿಲ್ಲ. ಕರೆಂಟು ಹುಟ್ಟುವ ಜಿಲ್ಲೆಯಲ್ಲಿ ಕತ್ತಲೆಗೆ ವರ್ಷವಿಡೀ ಪ್ರಾಕ್ಟೀಸ್ ಇದೆ.

ಮೊನ್ನೆ ಹಿರಿಯ ಮಾರ್ಷಲ್ ಹೊಸ ಯೋಜನೆ ಮಂಡಿಸಿದರು. 2017ರಲ್ಲಿ ಆಗ್ರಾ–ಲಖನೌ ಎಕ್ಸ್‌ಪ್ರೆಸ್‌ವೇ ಮೇಲೆ ವಾಯುಪಡೆ ಸುಖೋಯ್, ಮಿರಾಜ್, ಜಾಗ್ವಾರ್‌ಗಳನ್ನು ಓಡಿಸಿ ತೋರಿಸಿತ್ತು. "ಹಂಗಾದ್ರ ನಿಲ್ದಾಣ ಯಾಕ್ರಿ? ನಮ್ಮ ರೋಡಿನ ಮ್ಯಾಲೇ ಇಳಿಸಿಬಿಡಾಣ."

ಮೂಲೆಯಲ್ಲಿ ಒಗ್ಗರಣಿ ತಿನ್ನುತ್ತಿದ್ದ ಲಾರಿ ಡ್ರೈವರ್ ತಲೆ ಎತ್ತಿದ. "ಇಳಸ್ರಿ ಸಾಹೇಬ್ರ. ನಮ್ಮೂರ ರೋಡ್ ಮ್ಯಾಲ ಹಂಪು ಎಲ್ಲೆಲ್ಲಿ ಅದಾವ ಅಂತ ನಾನೇ ಬರದು ಕೊಡ್ತೀನಿ. ಪೈಲಟ್‌ಗೆ ಮಾತ್ರ ಪ್ಯಾರಾಶೂಟ್ ಮೊದಲೇ ಬಿಚ್ಕೊಂಡು ಬಾ ಅಂತ ಹೇಳ್ರಿ."