ಟಿಶ್ಯೂ ಕಾಗದವೇ, ಆದರೆ ನೀರಲ್ಲಿ ಕರಗಲ್ಲ

ಹೋದ ತಿಂಗಳು ಮನೆಯಲ್ಲಿ ಎಲ್ಲರಿಗೂ ನೆಗಡಿ. ಮೂಗು ಒರೆಸಿದ ಟಿಶ್ಯೂಗಳನ್ನೆಲ್ಲ ಕಮೋಡಿಗೆ ಹಾಕಿ ಫ್ಲಶ್ ಮಾಡುತ್ತಿದ್ದೆವು. ಕಾಗದ ತಾನೇ, ಕರಗಿ ಹೋಗುತ್ತದೆ ಅಂದುಕೊಂಡಿದ್ದೆವು. ಎಂಟನೇ ದಿನ ನೀರು ಕೆಳಗಿಳಿಯಲೇ ಇಲ್ಲ. ಪ್ಲಂಬರ್ ಬಂದು ಪೈಪಿನಿಂದ ಎಳೆದಿದ್ದು ಒದ್ದೆ ಬಟ್ಟೆಯಂಥ ಒಂದು ಮುದ್ದೆ. "ಟಿಶ್ಯೂನೆಲ್ಲ ಇದರಲ್ಲಿ ಹಾಕಬಾರದು ಸರ್, ಅದು ಬೇರೆ, ಟಾಯ್ಲೆಟ್ ಪೇಪರ್ ಬೇರೆ" ಎಂದರು.

ಅವತ್ತೇ ಎರಡು ಲೋಟ ನೀರಿಟ್ಟು ನೋಡಿದೆ. ಒಂದರಲ್ಲಿ ಟಾಯ್ಲೆಟ್ ಪೇಪರ್, ಇನ್ನೊಂದರಲ್ಲಿ ಮುಖ ಒರೆಸುವ ಟಿಶ್ಯೂ. ಚಮಚದಲ್ಲಿ ಚೆನ್ನಾಗಿ ಕಲಕಿದೆ. ಮೊದಲನೆಯದು ಚೂರುಚೂರಾಗಿ ನೀರೆಲ್ಲ ಬೆಳ್ಳಗಾಯಿತು. ಎರಡನೆಯದನ್ನು ಮರುದಿನ ಬೆಳಿಗ್ಗೆ ಎತ್ತಿದರೂ ಇಡೀ ಹಾಳೆಯಾಗಿಯೇ ಬಂತು.

ಕಾಗದ ಅಂದರೆ ಮರದ ನಾರು. ನೀರು ತಾಗಿದರೆ ಆ ನಾರುಗಳ ಹಿಡಿತ ಸಡಿಲವಾಗುತ್ತದೆ. ಟಾಯ್ಲೆಟ್ ಪೇಪರನ್ನು ಹಾಗೇ ಬಿಡುತ್ತಾರೆ, ಬಿಚ್ಚಿಕೊಳ್ಳಲಿ ಅಂತಲೇ. ಆದರೆ ಮೂಗು ಒರೆಸುವ ಹಾಳೆ ಕೈಯಲ್ಲೇ ಹರಿದರೆ ಏನು ಪ್ರಯೋಜನ? ಅದಕ್ಕೇ ತಯಾರಿಸುವಾಗ ನಾರುಗಳನ್ನು ಹಿಡಿದಿಡುವ ಅಂಟಿನಂಥ ಒಂದು ಬಗೆಯ ರೆಸಿನ್ ಸೇರಿಸುತ್ತಾರೆ. ಒದ್ದೆಯಾದರೂ ನಾರು ಬಿಡುವುದಿಲ್ಲ. ಅಡುಗೆಮನೆಯ ಪೇಪರ್ ಟವೆಲ್ ಇನ್ನೂ ಗಟ್ಟಿ. ಹಿಂಡಿ ಮತ್ತೆ ಒರೆಸಬಹುದು, ಅಷ್ಟು.

ಮುಖದ ಟಿಶ್ಯೂ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅಮೆರಿಕದ ಟಿಶ್ಯೂ ಬ್ರ್ಯಾಂಡ್ ಕ್ಲೀನೆಕ್ಸ್ 1924ರಲ್ಲಿ ಬಂದಾಗ ಅದು ಮುಖಕ್ಕೆ ಹಚ್ಚಿದ ಕೋಲ್ಡ್ ಕ್ರೀಮ್ ಒರೆಸುವ ಹಾಳೆ. ಜನ ಅದರಲ್ಲಿ ಮೂಗು ಒರೆಸಿಕೊಳ್ಳಲು ಶುರು ಮಾಡಿದ ಮೇಲೆ, 1930ರ ಹೊತ್ತಿಗೆ ಕಂಪನಿಯೂ ಅದನ್ನು ಕರವಸ್ತ್ರದ ಬದಲು ಬಳಸಿ ಎಂದು ಜಾಹೀರಾತು ಕೊಟ್ಟಿತು. ಕಮೋಡಿನ ಲೆಕ್ಕ ಅಲ್ಲಿ ಎಲ್ಲೂ ಇರಲಿಲ್ಲ.

ವೆಟ್ ವೈಪ್ಸ್, ಅಂದರೆ ಮೊದಲೇ ಒದ್ದೆ ಮಾಡಿಟ್ಟ ಒರೆಸುವ ಹಾಳೆಗಳು, ಅಂತೂ ಇನ್ನೂ ಕಷ್ಟ. ಎಷ್ಟೋ ವೈಪ್ಸ್‌ಗಳಲ್ಲಿ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಇರುತ್ತದೆ, ಅಂದರೆ ಪ್ಲಾಸ್ಟಿಕ್. ಇದು ಚರಂಡಿಯಲ್ಲಿ ಜಿಡ್ಡಿನ ಜೊತೆ ಸೇರಿ ಬಂಡೆಯಂತಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗೆ ಅಂಥದ್ದೊಂದು ಸಿಕ್ಕಿತ್ತು. ಸುಮಾರು 250 ಮೀಟರ್ ಉದ್ದ, 130 ಟನ್ ತೂಕ. ಅದನ್ನು ಒಡೆದು ತೆಗೆಯಲು ಕೆಲಸಗಾರರು ಆ ಗಬ್ಬಿನಲ್ಲಿ ವಾರಗಟ್ಟಲೆ ನಿಂತಿದ್ದರು. ಅವರನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾವು ಸುಮ್ನೆ ಒಂದು ಬಟನ್ ಒತ್ತಿ ಮರೆತುಬಿಡುತ್ತೇವೆ, ಅಲ್ವಾ?

ನನ್ನ ಸಿಟ್ಟು ಪ್ಯಾಕೆಟ್ಟಿನ ಮೇಲೆ. ನಮ್ಮ ಮನೆಯ ಟಿಶ್ಯೂ ಡಬ್ಬಿಯನ್ನು ತಿರುಗಿಸಿ ನೋಡಿದೆ. 'ಮೃದು' ಅನ್ನೋದು ದೊಡ್ಡ ಅಕ್ಷರದಲ್ಲಿದೆ. ಫ್ಲಶ್ ಮಾಡಬೇಡಿ ಅನ್ನುವ ಗುರುತು ತಳದಲ್ಲಿ, ಉಗುರಿಗಿಂತ ಚಿಕ್ಕದು. ಅದನ್ನು ಹಾಳೆ ಎಳೆಯುವ ಬಾಯಿಯ ಪಕ್ಕದಲ್ಲೇ ಹಾಕಬೇಕು.

ಟಿಶ್ಯೂ ಬೇಡ ಅನ್ನುತ್ತಿಲ್ಲ ನಾನು. ಕಾಯಿಲೆಯವರ ಕಫ ಒರೆಸಲು ಅದೇ ಒಳ್ಳೆಯದು. ಎಣ್ಣೆ ಬಾಣಲೆಯನ್ನು ತೊಳೆಯುವ ಮುಂಚೆ ಪೇಪರ್ ಟವೆಲ್‌ನಲ್ಲಿ ಒರೆಸಿದರೆ ಜಿಡ್ಡು ಚರಂಡಿಗೆ ಹೋಗುವುದೂ ತಪ್ಪುತ್ತದೆ. ನೆಲದ ಮೇಲೆ ನೀರು ಚೆಲ್ಲಿದರೆ ಮಾತ್ರ ಹಳೇ ಬಟ್ಟೆ ಸಾಕು. ಬಳಸಿದ ಟಿಶ್ಯೂವನ್ನು ರದ್ದಿ ಪೇಪರಿನ ಜೊತೆಯೂ ಹಾಕಬೇಡಿ. ಕೊಳೆಯಾದ ಆ ಹಾಳೆಯಿಂದ ಮತ್ತೆ ಕಾಗದ ಮಾಡಲಾಗುವುದಿಲ್ಲ.

ಈಗ ಕಮೋಡಿನ ಪಕ್ಕ ಮುಚ್ಚಳವಿರುವ ಒಂದು ಸಣ್ಣ ಬುಟ್ಟಿ ಇಟ್ಟಿದ್ದೇವೆ. ಗೋಡೆಗೆ ಚೀಟಿ ಅಂಟಿಸಿದ್ದು ಮಗಳು: "ಟಿಶ್ಯೂ ಬುಟ್ಟಿಗೆ." ಬಂದ ನೆಂಟರೂ ಓದಿಕೊಂಡು ಅಲ್ಲೇ ಹಾಕುತ್ತಿದ್ದಾರೆ.